ಓದುಗರ ಪ್ರಶ್ನೆ: ಪಿಸ್ತೂಲಿಗೆ ಪರವಾನಗಿ

ಪ್ರಶ್ನೆ: ಚೆಂಬೂರಿನಲ್ಲಿ ಹೋಟೆಲು ನಡೆಸುತ್ತಿದ್ದೇನೆ. ರಾತ್ರಿ ಗಲ್ಲಾದ ಹಣ ಒಯ್ಯುವಾಗ ಅಂಗಿಯೊಳಗೆ ಪಿಸ್ತೂಲು ಇಟ್ಟುಕೊಳ್ಳಲು ಬೇರೆಯೇ ಪರವಾನಗಿ ಬೇಕೇ?
– ಓದುಗರೊಬ್ಬರು, ಮುಂಬಯಿ

ಉತ್ತರ: ಬೇಡ. ನಮ್ಮಲ್ಲಿ ಅಂಥ ಪ್ರತ್ಯೇಕ ಪರವಾನಗಿಯೇ ಇಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಮುಂಬಯಿಯಲ್ಲಿ ಪೊಲೀಸ್ ಆಯುಕ್ತರ ಕಚೇರಿ ಕೊಡುವ ಪರವಾನಗಿಯೇ ಆಯುಧವನ್ನು ಹೊಂದುವುದಕ್ಕೂ ಜೊತೆಗೆ ಒಯ್ಯುವುದಕ್ಕೂ ಆಧಾರ; ಸಾರ್ವಜನಿಕ ಸ್ಥಳದಲ್ಲಿ ಅದು ಹೋಲ್‌ಸ್ಟರ್‌ನಲ್ಲಿ, ಪೂರ್ತಿ ಮುಚ್ಚಿರಬೇಕೆಂದು 2016ರ ನಿಯಮಗಳೇ ಹೇಳುತ್ತವೆ. ಮದುವೆ ದಿಬ್ಬಣದಲ್ಲಿ ಝಳಪಿಸುವವರು ಇದನ್ನು ಓದಿದಂತಿಲ್ಲ.

ಅರ್ಜಿದಾರರಿಗೆ 21 ವರ್ಷ ತುಂಬಿರಬೇಕು. ‘ಎ-1’ ನಮೂನೆಯ ಅರ್ಜಿಯೊಂದಿಗೆ ಗುರುತು ಮತ್ತು ವಿಳಾಸದ ದಾಖಲೆ, ದೈಹಿಕ ಹಾಗೂ ಮಾನಸಿಕ ಆರೋಗ್ಯದ ವೈದ್ಯಕೀಯ ಪ್ರಮಾಣಪತ್ರ ಬೇಕಾಗುತ್ತವೆ. ಆದರೆ ಅರ್ಜಿಯ ಹಣೆಬರಹವನ್ನು ನಿರ್ಧರಿಸುವುದು ಠಾಣೆಯ ವಿಚಾರಣಾ ವರದಿ. ಬರೀ ‘ಭಯವಿದೆ’ ಎಂದರೆ ಸಾಲದು. ಹಿಂದೆ ಬೆದರಿಕೆ ಬಂದಿದ್ದರೆ, ದರೋಡೆಯ ಯತ್ನ ನಡೆದಿದ್ದರೆ, ಆ ದೂರಿನ ಪ್ರತಿಗಳನ್ನು ಲಗತ್ತಿಸಿ. 9 ಎಂಎಂ ಪಿಸ್ತೂಲು ನಿಷೇಧಿತ ವರ್ಗದ್ದಾದ್ದರಿಂದ ಅದನ್ನು ಕೇಳಬೇಡಿ, ಸಾಮಾನ್ಯವಾಗಿ ಸಿಗುವುದು .32 ಬೋರಿನದು (ಬೋರ್ ಎಂದರೆ ನಳಿಗೆಯ ಒಳವ್ಯಾಸ). 2019ರ ತಿದ್ದುಪಡಿಯ ನಂತರ ಪರವಾನಗಿಯ ಅವಧಿ 5 ವರ್ಷ.

ನನ್ನ ಅಭಿಪ್ರಾಯದಲ್ಲಿ, ನಗದನ್ನು ಹಗಲಲ್ಲೇ ಬ್ಯಾಂಕಿಗೆ ಕಟ್ಟುವುದು ಇದಕ್ಕಿಂತ ಅಗ್ಗದ ದಾರಿ. ಅರ್ಜಿ ತಿರಸ್ಕೃತವಾದರೆ ಕಾರಣವನ್ನು ಬರಹದಲ್ಲಿ ಕೇಳಿ ಪಡೆದು ಮೇಲ್ಮನವಿ ಸಲ್ಲಿಸಬಹುದು.