ಮೋಡ ಕೆಂಪಾಗಿದ್ದರೆ ಸಾಲದು, ಗಾಳಿ ಸುತ್ತಬೇಕು

ನಮ್ಮ ಎರಡೂ ಕಡಲುಗಳಲ್ಲಿ ಸೈಕ್ಲೋನ್ ಏಳುವ ಕಾಲ ವರ್ಷಕ್ಕೆ ಎರಡು ಸಲ ಬರುತ್ತದೆ. ಏಪ್ರಿಲ್‌ನಿಂದ ಜೂನ್ ಒಂದು, ಅಕ್ಟೋಬರ್‌ನಿಂದ ಡಿಸೆಂಬರ್ ಇನ್ನೊಂದು. ಆ ತಿಂಗಳುಗಳಲ್ಲಿ ಮನೆಯಲ್ಲೇ ಕೂತು ಹವಾಮಾನ ನೋಡುವ ಹವ್ಯಾಸಿಗಳ ಪ್ರಶ್ನೆಗಳೂ ಜಾಸ್ತಿ. ಈ ಸಲ ಐದಕ್ಕೆ ಉತ್ತರಿಸಿದ್ದೇನೆ. ಮೊದಲು ಓದುಗರ ಪ್ರಶ್ನೆ, ಅದರ ಕೆಳಗೆ ನನ್ನ ಉತ್ತರ.

ಕುಂದಾಪುರದಲ್ಲಿ ಅಂಗಡಿ ಇಟ್ಟಿದ್ದೇನೆ. ಬೆಳಗಿನ ಜಾವ ಎದ್ದು ಉಪಗ್ರಹ ಚಿತ್ರ ನೋಡುವ ಹುಚ್ಚು. ಲಕ್ಷದ್ವೀಪದ ಹತ್ತಿರ ಕೆಂಪಗೆ ದೊಡ್ಡ ಮೋಡದ ರಾಶಿ ಇರುತ್ತದೆ. ಮಧ್ಯಾಹ್ನ ನೋಡಿದರೆ ಏನೂ ಇಲ್ಲ! ಯಾವ ಮೋಡ ಸೈಕ್ಲೋನ್ ಆಗುತ್ತದೆ, ಯಾವುದು ಆಗುವುದಿಲ್ಲ ಅಂತ ಮೊದಲೇ ಗುರುತಿಸುವುದು ಹೇಗೆ?

ಮೊದಲು ಆ ಕೆಂಪು ಬಣ್ಣದ ವಿಷಯ. ಇನ್‌ಫ್ರಾರೆಡ್ ಚಿತ್ರದಲ್ಲಿ ಬಣ್ಣ ತಿಳಿಸುವುದು ಮೋಡದ ತುದಿ ಎಷ್ಟು ತಣ್ಣಗಿದೆ ಅನ್ನೋದನ್ನು ಮಾತ್ರ. ತುದಿ ತಣ್ಣಗಿದ್ದಷ್ಟೂ ಮೋಡ ಎತ್ತರ. ಅದರ ಅಡಿಯಲ್ಲಿ ಗಾಳಿ ಏನು ಮಾಡುತ್ತಿದೆ ಎಂಬುದು ಅಲ್ಲಿ ಕಾಣುವುದಿಲ್ಲ. ಕಡಲ ಮೇಲಿನ ಗುಡುಗು ಮೋಡಗಳು ಬೆಳಗಿನ ಜಾವಕ್ಕೆ ಉಬ್ಬಿ ಮಧ್ಯಾಹ್ನಕ್ಕೆ ಕುಗ್ಗುವುದು ಮಾಮೂಲು. ನೀವು ನೋಡುತ್ತಿರುವುದು ಬಹುತೇಕ ಅದನ್ನೇ.

ಹಾಗಾಗಿ ಮೊದಲ ಪರೀಕ್ಷೆ, ಮಧ್ಯಾಹ್ನವನ್ನು ಆ ರಾಶಿ ದಾಟುತ್ತದಾ ಅನ್ನೋದು. ಎರಡು ದಿನ ಒಂದೇ ಜಾಗದ ಆಸುಪಾಸಿನಲ್ಲಿ ಮೋಡ ಸತ್ತು ಸತ್ತು ಹುಟ್ಟುತ್ತಿದ್ದರೆ ಆಗ ಕುತೂಹಲ ಬರಲಿ. ಎರಡನೆಯದು ಸುತ್ತು. ಇದಕ್ಕೆ ಕೆಂಪು ಚಿತ್ರ ಬಿಟ್ಟು, ಸೂರ್ಯ ಹುಟ್ಟಿದ ಮೇಲಿನ ಕಪ್ಪುಬಿಳುಪು ಚಿತ್ರ ತೆರೆಯಿರಿ. ಓರೆ ಬಿಸಿಲಿನಲ್ಲಿ ಕೆಳಮಟ್ಟದ ಚಿಕ್ಕ ಮೋಡಗಳ ಸಾಲು ಚೆನ್ನಾಗಿ ಕಾಣುತ್ತದೆ. ಆ ಸಾಲುಗಳು ಬಾಗಿ ಒಂದು ಜಾಗದ ಸುತ್ತ ಎಡಕ್ಕೆ, ಅಂದರೆ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ತಿರುಗುತ್ತಿದ್ದರೆ ಅಲ್ಲಿ ಕೇಂದ್ರ ಕೂಡುತ್ತಿದೆ. ಇನ್ನೂ ಖಚಿತ ಬೇಕಾ? ಕಡಲ ಮೇಲ್ಮೈ ಗಾಳಿಯನ್ನು ಅಳೆಯುವ ಸ್ಕ್ಯಾಟರೋಮೀಟರ್ ನಕ್ಷೆ ನೋಡಿ. 2022ರ ನವೆಂಬರ್‌ನಲ್ಲಿ ಹಾರಿದ ಇಸ್ರೋದ ಓಷನ್‌ಸ್ಯಾಟ್-3ರಲ್ಲಿ ಆ ಉಪಕರಣವಿದೆ. ಅಲ್ಲಿ ನಾನು ಹುಡುಕುವುದು ಒಂದೇ: ರಾಶಿಯ ದಕ್ಷಿಣ ಬದಿಯಲ್ಲಿ ಪಶ್ಚಿಮದಿಂದ ಬೀಸುವ ಗಾಳಿ ಇದೆಯಾ? ಉತ್ತರ ಬದಿಯಲ್ಲಿ ಪೂರ್ವದ ಗಾಳಿ ಸುಲಭವಾಗಿ ಸಿಗುತ್ತದೆ. ದಕ್ಷಿಣದ ಆ ಪಶ್ಚಿಮ ಗಾಳಿ ಇಲ್ಲದಿದ್ದರೆ ಸುತ್ತು ಪೂರ್ತಿಯಾಗಿಲ್ಲ.

ಮೂರನೆಯದು ಮೇಲಿನ ಗಾಳಿ. ಕೆಳಗೂ ಮೇಲೂ ಗಾಳಿಯ ವೇಗ, ದಿಕ್ಕು ತುಂಬಾ ಬೇರೆಯಾಗಿದ್ದರೆ ಮೋಡ, ಫ್ಯಾನಿನ ಕೆಳಗಿಟ್ಟ ಊದುಬತ್ತಿಯ ಹೊಗೆಯ ಹಾಗೆ, ಒಂದೇ ಕಡೆಗೆ ಹರಿದು ಹೋಗುತ್ತದೆ. ಇದಕ್ಕೆ ವಿಂಡ್ ಶಿಯರ್ ಅನ್ನುತ್ತಾರೆ. ಚಿತ್ರದಲ್ಲಿ ಸುತ್ತು ಒಂದು ಕಡೆ ಬರಿದಾಗಿ, ಮೋಡ ಇನ್ನೊಂದು ಕಡೆ ಇದ್ದರೆ ಅದರ ಕಥೆ ಸದ್ಯಕ್ಕೆ ಮುಗಿದ ಹಾಗೆಯೇ. ಜೂನ್ ನಡುವಿನಿಂದ ಸೆಪ್ಟೆಂಬರ್ ತನಕ ಸೈಕ್ಲೋನ್ ಅಪರೂಪವಾಗಲು ಮುಖ್ಯ ಕಾರಣ ಇದು. ಮಳೆಗಾಲದಲ್ಲಿ ಕೆಳಗೆ ಪಶ್ಚಿಮದ ಜೋರು ಗಾಳಿ, ಮೇಲೆ ಪೂರ್ವದ ಜೋರು ಗಾಳಿ. 2024ರ ಆಗಸ್ಟ್ ಕೊನೆಯಲ್ಲಿ ಕಛ್ ಹತ್ತಿರ ಎದ್ದ ಅಸ್ನಾ ಸುದ್ದಿಯಾದದ್ದು ಅದಕ್ಕೇ. 1976ರ ನಂತರ ಆಗಸ್ಟ್‌ನಲ್ಲಿ ಅರಬ್ಬಿ ಸಮುದ್ರ ಕಂಡ ಮೊದಲ ಸೈಕ್ಲೋನ್ ಅದು.

ಸಮುದ್ರದ ಬಿಸಿಗೆ ಹವ್ಯಾಸಿಗಳು ಅತಿಯಾಗಿ ಬೆಲೆ ಕೊಡುತ್ತಾರೆ ಅನ್ನೋದು ನನ್ನ ಅಭಿಪ್ರಾಯ. 26.5 ಡಿಗ್ರಿಗಿಂತ ಬಿಸಿ ಬೇಕು, ನಿಜ. ಆದರೆ ಮೇನಲ್ಲಿ, ಅಕ್ಟೋಬರಿನಲ್ಲಿ ನಮ್ಮ ಕಡಲು ಹೇಗೂ ಅದಕ್ಕಿಂತ ಬಿಸಿ. ಎಲ್ಲ ದಿನವೂ ನಿಜವಾಗಿರುವ ವಿಷಯ ಸುಳಿವು ಆಗುವುದು ಹೇಗೆ?

ಸುಳಿವೆಲ್ಲ ಸಿಕ್ಕರೂ ಸಮಯ ಸಿಗದೆ ಹೋಗಬಹುದು, ಇದನ್ನು ಮರೆಯಬೇಡಿ. 2021ರ ಮೇ 14ರಂದು ಲಕ್ಷದ್ವೀಪದ ಬಳಿ ಡಿಪ್ರೆಶನ್ (ಸೈಕ್ಲೋನ್ ಆಗುವ ಮೊದಲಿನ, ಇನ್ನೂ ದುರ್ಬಲ ಹಂತ) ಆಗಿದ್ದ ತೌಕ್ತೆ, 17ರ ರಾತ್ರಿ ಗುಜರಾತಿಗೆ ಬಡಿದಾಗ ಭಾರಿ ಚಂಡಮಾರುತವಾಗಿತ್ತು. 2017ರ ಓಖಿಯಂತೂ ನವೆಂಬರ್ 29ಕ್ಕೆ ಶ್ರೀಲಂಕಾ ಬಳಿ ಡಿಪ್ರೆಶನ್, ಮರುದಿನವೇ ಕನ್ಯಾಕುಮಾರಿ ಹತ್ತಿರ ಸೈಕ್ಲೋನ್. ಆಗಲೇ ಕಡಲಿಗಿಳಿದಿದ್ದ ಕೇರಳ, ತಮಿಳುನಾಡಿನ ನೂರಾರು ಮೀನುಗಾರರು ಸತ್ತರು, ಕಾಣೆಯಾದರು.

ಬೆಂಗಳೂರಿನಿಂದ ಬರೆಯುತ್ತಿದ್ದೇನೆ. ನನ್ನ ಫೋನಿನಲ್ಲಿ ಗಾಳಿಯ ಒತ್ತಡ ಅಳೆಯುವ ಬ್ಯಾರೋಮೀಟರ್ ಇದೆ. ಅದು 912 ಹೆಕ್ಟೋಪಾಸ್ಕಲ್ ತೋರಿಸುತ್ತಿದೆ. 1999ರ ಒಡಿಶಾ ಸೂಪರ್ ಸೈಕ್ಲೋನಿನ ಕೇಂದ್ರದಲ್ಲಿ ಇಷ್ಟೇ ಇತ್ತಂತೆ. ಫೋನ್ ಕೆಟ್ಟಿದೆಯಾ?

ಫೋನ್ ಚೆನ್ನಾಗಿಯೇ ಇದೆ. ನೀವು ಸಮುದ್ರಕ್ಕಿಂತ ಸುಮಾರು 900 ಮೀಟರ್ ಮೇಲೆ ಇದ್ದೀರಿ, ಅಷ್ಟೇ. ಬೆಂಗಳೂರಿನಲ್ಲಿ ಶಾಂತವಾದ ದಿನವೂ ಗಾಳಿಯ ಒತ್ತಡ 910ರ ಆಸುಪಾಸು. ಮೂರನೇ ಮಹಡಿಗೆ ಹತ್ತಿದರೆ ಇನ್ನೊಂದು ಕಡಿಮೆಯಾಗುತ್ತದೆ. ಸುದ್ದಿಯಲ್ಲಿ ಬರುವುದು ಸಮುದ್ರ ಮಟ್ಟದ ಲೆಕ್ಕ.

ನೋಡಬೇಕಾದ್ದು ಎಷ್ಟಿದೆ ಅನ್ನೋದಲ್ಲ, ಎಷ್ಟು ಬದಲಾಯಿತು ಅನ್ನೋದು. ಅಲ್ಲೂ ಒಂದು ಮೋಸವಿದೆ. ನಮ್ಮ ಕಡೆ ಒತ್ತಡ ದಿನಕ್ಕೆ ಎರಡು ಸಲ ಏರಿ ಎರಡು ಸಲ ಇಳಿಯುತ್ತದೆ. ಬೆಳಿಗ್ಗೆ, ರಾತ್ರಿ ಹತ್ತರ ಹೊತ್ತಿಗೆ ಜಾಸ್ತಿ. ಬೆಳಗಿನ ಜಾವ, ಸಂಜೆ ನಾಲ್ಕರ ಹೊತ್ತಿಗೆ ಕಡಿಮೆ. ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕಕ್ಕೆ ಎರಡು–ನಾಲ್ಕು ಇಳಿದರೆ ಗಾಬರಿ ಬೇಡ, ದಿನಾ ಅದೇ ಕಥೆ. ಅದೇ ಮಹಡಿಯಲ್ಲಿ, ನಿನ್ನೆಯ ಅದೇ ಗಂಟೆಯ ಜೊತೆ ಹೋಲಿಸಿ. ಕರಾವಳಿಯಲ್ಲಿರುವವರಿಗೆ ಹೀಗೆ ಮೂರಕ್ಕಿಂತ ಜಾಸ್ತಿ ಇಳಿದು, ಮರುದಿನವೂ ಇಳಿಯುತ್ತಲೇ ಹೋದರೆ ನಕ್ಷೆ ತೆರೆದು ನೋಡಲು ಒಳ್ಳೆಯ ಕಾರಣ. ಬೆಂಗಳೂರಿನಲ್ಲಿ ಇದು ಮಜವಾದ ಹವ್ಯಾಸ. ಎಚ್ಚರಿಕೆಯ ಗಂಟೆ ಅಲ್ಲ.

ನಮ್ಮ ಅಜ್ಜ ಹೊನ್ನಾವರದಲ್ಲಿ ಮೀನು ಹಿಡಿಯುತ್ತಿದ್ದರು. ಗಾಳಿ ಇಲ್ಲದ ದಿನ ದೊಡ್ಡ ದೊಡ್ಡ ತೆರೆ ಬಂದರೆ "ದೂರದಲ್ಲಿ ತೂಫಾನ್ ಎದ್ದಿದೆ" ಅನ್ನುತ್ತಿದ್ದರು. ಇದರಲ್ಲಿ ಹುರುಳಿದೆಯಾ?

ಖಂಡಿತ ಇದೆ. ಬಿರುಗಾಳಿ ಎಬ್ಬಿಸಿದ ಉದ್ದದ ತೆರೆಗಳು ಬಿರುಗಾಳಿಗಿಂತ ಮುಂದೆ ಓಡುತ್ತವೆ. ಒಂದು ತೆರೆಗೂ ಇನ್ನೊಂದಕ್ಕೂ 14 ಸೆಕೆಂಡ್ ಅಂತರವಿದ್ದರೆ, ಆ ತೆರೆಗಳ ಗುಂಪು ಆಳದ ನೀರಿನಲ್ಲಿ ಗಂಟೆಗೆ ಸುಮಾರು 40 ಕಿಲೋಮೀಟರ್ ಸಾಗುತ್ತದೆ. ಸೈಕ್ಲೋನ್ ಸಾಮಾನ್ಯವಾಗಿ ಸಾಗುವುದು ಅದರ ಅರ್ಧ ವೇಗದಲ್ಲಿ, ಎಷ್ಟೋ ಸಲ ಇನ್ನೂ ನಿಧಾನ. ಅಂದಮೇಲೆ ತೆರೆಯೇ ಮೊದಲು ದಡ ಮುಟ್ಟುತ್ತದೆ ಅಲ್ವಾ?

ಸ್ಥಳೀಯ ಗಾಳಿ ಎಬ್ಬಿಸುವ ತೆರೆಗಳ ಅಂತರ ಸಾಮಾನ್ಯವಾಗಿ ಐದಾರು ಸೆಕೆಂಡ್. ಹತ್ತು ತೆರೆ ಬರಲು ಹಿಡಿದ ಹೊತ್ತನ್ನು ಹತ್ತರಿಂದ ಭಾಗಿಸಿದರೆ ಅಂತರ ಸಿಗುತ್ತದೆ. ಬಂಡೆಗಳ ಮೇಲೆ ನಿಂತು ಎಣಿಸಬೇಡಿ, ದಯವಿಟ್ಟು.

ಆದರೆ ಉದ್ದ ತೆರೆ ಬಂದಾಗಲೆಲ್ಲ ಅರಬ್ಬಿ ಸಮುದ್ರದಲ್ಲೇ ತೂಫಾನ್ ಎದ್ದಿರಬೇಕು ಅಂತಿಲ್ಲ. ಕೇರಳದವರು 'ಕಳ್ಳಕಡಲ್' ಅನ್ನುವ ಉಬ್ಬರದ ಮೂಲ ಸಾವಿರಾರು ಕಿಲೋಮೀಟರ್ ದೂರ, ಹಿಂದೂ ಮಹಾಸಾಗರದ ದಕ್ಷಿಣ ತುದಿಯ ಬಿರುಗಾಳಿಗಳಲ್ಲಿ. ಅದು ನಮ್ಮ ಕರಾವಳಿಗೂ ಬರುತ್ತದೆ. ಎರಡನ್ನೂ ಬೇರೆ ಮಾಡಲು ದಡದಲ್ಲಿ ನಿಂತವರಿಗೆ ಕಷ್ಟ. ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಕೊಡುವ ತೆರೆಗಳ ಮುನ್ಸೂಚನೆ ನೋಡಿದರೆ ಮೂಲ ಯಾವುದೆಂದು ಗೊತ್ತಾಗುತ್ತದೆ.

ಅಂದಹಾಗೆ, ಈ ವಿದ್ಯೆ ಶುರುವಾದದ್ದೇ ಹೀಗೆ ಕಡಲನ್ನು ಗಮನಿಸಿದವರಿಂದ. 'ಸೈಕ್ಲೋನ್' ಅನ್ನುವ ಹೆಸರಿಟ್ಟ ಹೆನ್ರಿ ಪಿಡಿಂಗ್‌ಟನ್ ಹಡಗಿನ ಕಪ್ತಾನನಾಗಿದ್ದವರು. ಕಲ್ಕತ್ತೆಯಲ್ಲಿ ಕೂತು ಹಡಗುಗಳ ದಿನಚರಿ ಪುಸ್ತಕಗಳನ್ನು ಕೂಡಿಸಿ, ಯಾವ ಹಡಗಿಗೆ ಯಾವ ದಿಕ್ಕಿನ ಗಾಳಿ ಬಡಿಯಿತು ಅಂತ ನಕ್ಷೆಯಲ್ಲಿ ಗುರುತಿಸಿದರು. ಗಾಳಿ ಸುತ್ತುವುದು ಅವರಿಗೆ ಕಂಡದ್ದು ಹಾಗೆ, ಉಪಗ್ರಹಗಳು ಬರುವುದಕ್ಕೆ ನೂರಕ್ಕೂ ಹೆಚ್ಚು ವರ್ಷ ಮೊದಲು. ನೀವೂ ದಡದಲ್ಲಿ ಇದನ್ನು ಮಾಡಬಹುದು. ಗಾಳಿಗೆ ಬೆನ್ನು ಕೊಟ್ಟು ನಿಂತರೆ, ನಮ್ಮ ಗೋಳಾರ್ಧದಲ್ಲಿ ಒತ್ತಡ ಕಡಿಮೆ ಇರುವ ಜಾಗ ನಿಮ್ಮ ಎಡಗೈ ಕಡೆ ಇರುತ್ತದೆ. ಸಂಜೆಯ ಕಡಲಗಾಳಿಯಲ್ಲಿ ಈ ಪರೀಕ್ಷೆ ನಡೆಯದು, ಜೋರು ಗಾಳಿ ಹಗಲೂ ರಾತ್ರಿ ಒಂದೇ ಕಡೆಯಿಂದ ಬೀಸುವಾಗ ಮಾಡಿ.

ಇನ್ನು 12 ದಿನಕ್ಕೆ ಮಂಗಳೂರಿಗೆ ಭಾರಿ ಸೈಕ್ಲೋನ್ ಅಂತ ವಾಟ್ಸಾಪಿನಲ್ಲಿ ಬಣ್ಣಬಣ್ಣದ ನಕ್ಷೆ ಬಂದಿದೆ. ಹೆಸರೂ ಹಾಕಿದ್ದಾರೆ. ನಂಬಬಹುದಾ?

ಬೇಡ. ಅದು ಹವಾಮಾನ ಲೆಕ್ಕ ಹಾಕುವ ಒಂದು ಕಂಪ್ಯೂಟರ್ ಮಾಡೆಲ್‌ನ ಒಂದು ಸಲದ ಲೆಕ್ಕ. ಆರು ಗಂಟೆ ಬಿಟ್ಟು ಅದೇ ಮಾಡೆಲ್ ನೋಡಿ, ಬಿರುಗಾಳಿ ಒಮಾನಿಗೆ ಹೋಗಿರುತ್ತದೆ, ಇಲ್ಲಾ ಮಾಯವಾಗಿರುತ್ತದೆ. ಯುರೋಪಿನ ಹವಾಮಾನ ಮುನ್ಸೂಚನೆ ಕೇಂದ್ರ ಇದಕ್ಕೇ ಶುರುವಿನ ಸ್ಥಿತಿಯನ್ನು ಚೂರುಚೂರು ಬದಲಿಸಿ 50ಕ್ಕೂ ಹೆಚ್ಚು ಲೆಕ್ಕಗಳನ್ನು ಒಟ್ಟಿಗೆ ಓಡಿಸುತ್ತದೆ. ಐವತ್ತರಲ್ಲಿ ಮೂರು ಸೈಕ್ಲೋನ್ ತೋರಿಸಿದರೆ ಅದು ಸುದ್ದಿಯಲ್ಲ. ಮೂವತ್ತು ತೋರಿಸಿ, ದಿನೇ ದಿನೇ ಆ ಸಂಖ್ಯೆ ಏರುತ್ತಿದ್ದರೆ ಗಮನ ಕೊಡಿ. ಬಿರುಗಾಳಿ ಹುಟ್ಟಿದ ಮೇಲೂ ದಾರಿ ಹೇಳುವುದು ಸುಲಭವಲ್ಲ. 2023ರ ಜೂನ್ 6ರಂದು ಶುರುವಾದ ಬಿಪರ್‌ಜಾಯ್ ಎತ್ತ ಹೋಗುತ್ತದೆ ಎಂಬುದರ ಬಗ್ಗೆ ಮಾಡೆಲ್‌ಗಳಲ್ಲಿ ಒಮ್ಮತವೇ ಇರಲಿಲ್ಲ. ಕೊನೆಗೆ ಅದು ಗುಜರಾತಿನ ಜಖೌ ಬಳಿ ದಡ ಸೇರಿದ್ದು 15ಕ್ಕೆ.

ಹೆಸರು ಹಾಕಿದ್ದೇ ಸುಳ್ಳಿನ ಗುರುತು. ಗಾಳಿ ಗಂಟೆಗೆ 62 ಕಿಲೋಮೀಟರ್ ಮುಟ್ಟಿ ಸೈಕ್ಲೋನ್ ಅನ್ನಿಸಿಕೊಂಡ ಮೇಲೆಯೇ ದೆಹಲಿಯ ಹವಾಮಾನ ಇಲಾಖೆ ಹೆಸರಿಡುವುದು. 13 ದೇಶಗಳು ಕೊಟ್ಟ 169 ಹೆಸರುಗಳ ಪಟ್ಟಿಯಲ್ಲಿ ಮುಂದಿನದು ಯಾವುದು ಅಂತ ಯಾರು ಬೇಕಾದರೂ ನೋಡಬಹುದು, ಅಷ್ಟಕ್ಕೇ ಬಿರುಗಾಳಿ ಹುಟ್ಟುವುದಿಲ್ಲ. ಇಲಾಖೆ ಗುರುವಾರಕ್ಕೊಮ್ಮೆ ಎರಡು ವಾರಗಳ ಮುನ್ನೋಟ ಕೊಡುತ್ತದೆ. ದಿನದ ಬುಲೆಟಿನ್‌ನಲ್ಲಿ ಡಿಪ್ರೆಶನ್ ಆಗುವ ಸಾಧ್ಯತೆ ಕಡಿಮೆಯೋ, ಮಧ್ಯಮವೋ, ಹೆಚ್ಚೋ ಅಂತ ಬರೆದಿರುತ್ತದೆ. ಆ ಒಂದು ಸಾಲು ಮೊದಲು ಓದಿ. ಸುಳ್ಳು ಎಚ್ಚರಿಕೆ ಹಬ್ಬಿಸಿ ಜನರನ್ನು ಹೆದರಿಸಿದರೆ 2005ರ ವಿಪತ್ತು ನಿರ್ವಹಣಾ ಕಾಯ್ದೆಯ ಪ್ರಕಾರ ಒಂದು ವರ್ಷದವರೆಗೆ ಜೈಲೂ ಆಗಬಹುದು. ಫಾರ್ವರ್ಡ್ ಮಾಡುವವರಿಗೂ ಇದು ಅನ್ವಯ.

ಕೋಲಾರದ ರೈತ. ನವೆಂಬರಿನಲ್ಲಿ ರಾಗಿ ಕೊಯ್ಲು. ಬಂಗಾಳ ಕೊಲ್ಲಿಯ ಸೈಕ್ಲೋನ್ ನಮ್ಮನ್ನು ಮುಟ್ಟುತ್ತದಾ, ಎಷ್ಟು ಮೊದಲು ತಿಳಿಯುತ್ತದೆ?

ಗಾಳಿ ಮುಟ್ಟುವುದಿಲ್ಲ, ಮಳೆ ಮುಟ್ಟುತ್ತದೆ. 2024ರ ಫೆಂಗಲ್ ದಿನಗಟ್ಟಲೆ ಡೀಪ್ ಡಿಪ್ರೆಶನ್ ಆಗಿಯೇ ಉಳಿದು, ನವೆಂಬರ್ 29ಕ್ಕೆ ಸೈಕ್ಲೋನ್ ಆಯಿತು. ಮರುದಿನ ಪುದುಚೇರಿ ಹತ್ತಿರ ದಡ ಸೇರಿ ಗಂಟೆಗಟ್ಟಲೆ ಅಲ್ಲೇ ನಿಂತಿತು. ಆಮೇಲೆ ಅದರ ಉಳಿಕೆ ಪಶ್ಚಿಮಕ್ಕೆ ಸರಿದು, ದಕ್ಷಿಣ ಕರ್ನಾಟಕವನ್ನು ನೆನೆಸಿ, ಕರಾವಳಿಯಲ್ಲೂ ಸುರಿಯಿತು. ಅಂದರೆ ಬಿರುಗಾಳಿ ಎಷ್ಟು ದೊಡ್ಡದು ಅನ್ನೋದು ನಿಮಗೆ ಮುಖ್ಯವಲ್ಲ. ಎಲ್ಲಿ ದಡ ಸೇರುತ್ತದೆ ಅನ್ನೋದು ಮುಖ್ಯ. ಚೆನ್ನೈ, ಪುದುಚೇರಿ, ನೆಲ್ಲೂರಿನ ನಡುವೆ ಬಂದರೆ ಕೋಲಾರಕ್ಕೆ ಮಳೆ ಇಟ್ಟುಕೊಳ್ಳಿ. ಒಡಿಶಾ ಕಡೆ ತಿರುಗಿದರೆ ಸಾಮಾನ್ಯವಾಗಿ ಕೊಯ್ಲಿಗೆ ತೊಂದರೆಯಿಲ್ಲ.

ಮೂರು ದಿನ ಮೊದಲು ದಾರಿ ಒಂದು ಮಟ್ಟಕ್ಕೆ ಸ್ಪಷ್ಟವಾಗುತ್ತದೆ. ಕೊಯ್ದ ತೆನೆ ಹೊಲದಲ್ಲೇ ಇದ್ದರೆ ಅಷ್ಟರೊಳಗೆ ಬಣವೆ ಒಟ್ಟಿ ಟಾರ್ಪಾಲ್ ಹೊದಿಸಿ. ಇನ್ನೂ ಕೊಯ್ದಿಲ್ಲವಾದರೆ, ಪೈರು ಗಟ್ಟಿಯಾಗಿ ನಿಂತಿದ್ದರೆ, ಮಳೆ ಕಳೆಯುವ ತನಕ ಹಾಗೇ ಬಿಡುವುದು ವಾಸಿ.