ಸೊಸೆಯ ಹಿರಿಯರನ್ನು ಹುಡುಕೋದು ಹೇಗೆ?

ಪ್ರಶ್ನೆ: ನಮ್ಮ ಸೊಸೆ ಅಮೆರಿಕದ ಕೆಂಟಕಿಯವಳು. ಹೋದ ಸುಗ್ಗಿಯಲ್ಲಿ ಹೆಳವರು ಬಂದು ನಮ್ಮ ವಂಶಾವಳಿ ಓದಿದಾಗ ಬೆರಗಾದಳು. ಅವಳ ಹಿರಿಯರು 1780ರ ಸುಮಾರಿಗೆ ವರ್ಜೀನಿಯಾದಿಂದ ಬೆಟ್ಟ ದಾಟಿ ಬಂದವರಂತೆ. ಅಷ್ಟು ಹಿಂದಿನದು ಸಿಗುತ್ತಾ?
– ಓದುಗರೊಬ್ಬರು, ಮುಧೋಳ

ಉತ್ತರ: ಸಿಗುತ್ತೆ. ಆದರೆ ಅಲ್ಲಿ ಎತ್ತಿನ ಮೇಲೆ ಪುಸ್ತಕ ಹೇರಿಕೊಂಡು ಯಾರೂ ಮನೆಗೆ ಬರಲ್ಲ, ನೀವೇ ಕಾಗದ ಹುಡುಕಬೇಕು. ಅವಳ ಅಜ್ಜ-ಅಜ್ಜಿಯಿಂದ ಹಿಂದಕ್ಕೆ ಹೋಗಿ. 1850ರವರೆಗೆ ಜನಗಣತಿಯೇ ಆಸರೆ (1890ರದ್ದು ಬಹುಪಾಲು ಬೆಂಕಿಗೆ ಹೋಯಿತು). ಅದಕ್ಕೂ ಹಿಂದಿನ ಗಣತಿಗಳಲ್ಲಿ ಮನೆ ಯಜಮಾನನ ಹೆಸರು ಮಾತ್ರ ಇದೆ, ಹೆಂಡತಿ ಮಕ್ಕಳು ಬರೀ ಲೆಕ್ಕ.

ಅಲ್ಲಿಂದಾಚೆ ತೆರಿಗೆ ಪಟ್ಟಿ, ಉಯಿಲು, ಜಮೀನಿನ ಕಾಗದ ನೋಡಿ. 1792ರವರೆಗೆ ಕೆಂಟಕಿ ವರ್ಜೀನಿಯಾದ ಭಾಗವೇ ಆಗಿತ್ತು, ಹಾಗಾಗಿ ಎರಡೂ ಕಡೆ ತಡಕಬೇಕು.

ನನಗೆ ಜಾಸ್ತಿ ಇಷ್ಟವಾದದ್ದು ಪಿಂಚಣಿ ಅರ್ಜಿಗಳು. ಸ್ವಾತಂತ್ರ್ಯ ಯುದ್ಧದಲ್ಲಿ ಹೋರಾಡಿದ ಮುದುಕರು 1832ರ ಕಾಯ್ದೆಯಡಿ ಕೋರ್ಟಿಗೆ ಬಂದು, ಎಲ್ಲಿ ಹುಟ್ಟಿದೆ, ಯಾರ ಕೈಕೆಳಗೆ ಕಾದಾಡಿದೆ, ಆಮೇಲೆ ಯಾವ್ಯಾವ ಊರಲ್ಲಿದ್ದೆ ಅಂತ ಆಣೆ ಮಾಡಿ ಹೇಳಿದ್ದಾರೆ. ಮದುವೆಗೆ ಸಾಕ್ಷಿ ಬೇಕಿದ್ದ ಕೆಲವು ವಿಧವೆಯರು ಮನೆಯ ಬೈಬಲ್ಲಿನಿಂದ ಮಕ್ಕಳ ಹುಟ್ಟಿದ ದಿನ ಬರೆದಿದ್ದ ಹಾಳೆಯನ್ನೇ ಹರಿದು ಲಗತ್ತಿಸಿದ್ದಾರೆ! ಇವು ಅಮೆರಿಕದ ರಾಷ್ಟ್ರೀಯ ದಾಖಲೆ ಸಂಗ್ರಹದಲ್ಲಿವೆ.

ಫ್ಯಾಮಿಲಿಸರ್ಚ್‌ ಅನ್ನೋ ವಂಶಾವಳಿ ಹುಡುಕುವ ಜಾಲತಾಣದಲ್ಲಿ ಪುಕ್ಕಟೆ ಖಾತೆ ತೆರೆಯಿರಿ. ಅಲ್ಲಿ ಯಾರೋ ಕಟ್ಟಿಟ್ಟ ವಂಶವೃಕ್ಷವನ್ನು ಮಾತ್ರ ಸುಮ್ನೆ ನಂಬಬೇಡಿ. ಒಂದೇ ಹೆಸರಿನವರು ಇಬ್ಬರಿದ್ದರೆ ನೆರೆಯವರ ಹೆಸರು ನೋಡಿ, ಎಷ್ಟೋ ಸಲ ಅಕ್ಕಪಕ್ಕದ ಮನೆಯವರು ಒಟ್ಟಿಗೇ ವಲಸೆ ಹೋಗುತ್ತಿದ್ದರು.