ಏದುಸಿರು ಬರುತ್ತೆ ಅಂತ ಅಮ್ಮನನ್ನು ಕೂರಿಸಿಬಿಡಬೇಕಾ?

ಪ್ರಶ್ನೆ: ಅಮ್ಮನಿಗೆ 61 ವರ್ಷ. ಬೀಡಿ ಸಿಗರೇಟು ಮುಟ್ಟಿದವರಲ್ಲ, ಮದುವೆಯಾದಾಗಿನಿಂದ ಸೌದೆ ಒಲೆಯಲ್ಲೇ ಅಡುಗೆ. ಈಗ ಸಿಒಪಿಡಿ (ಉಸಿರಿನ ಕೊಳವೆ ಕಿರಿದಾಗಿ ಉಸಿರಾಟ ಕಷ್ಟವಾಗುವ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ) ಅಂತ ಗೊತ್ತಾಗಿದೆ, ಇನ್‌ಹೇಲರ್ ತೆಗೆದುಕೊಳ್ಳುತ್ತಿದ್ದಾರೆ. ಹಿತ್ತಲಿಗೆ ಹೋಗಿಬಂದರೂ ಏದುಸಿರು. ಡಾಕ್ಟರು ನಡೆಯಿರಿ ಅಂದರು, ಮನೆಯವರು ಸುಮ್ನೆ ಕೂತಿರು ಅಂತಾರೆ. ನಡೆದರೆ ಶ್ವಾಸಕೋಶ ಇನ್ನೂ ಹಾಳಾಗಲ್ವಾ?

ಉತ್ತರ: ಹಾಳಾಗುವುದಿಲ್ಲ. ಡಾಕ್ಟರು ಹೇಳಿದ್ದೇ ಸರಿ. ಏದುಸಿರು ಬಂದಾಗ ನೋಡುವವರಿಗೆ ಭಯವಾಗುತ್ತದೆ ನಿಜ, ಆದರೆ ಕೂರಿಸುವುದರಿಂದಲೇ ನಷ್ಟ ಜಾಸ್ತಿ. ಕೂತು ಕೂತು ತೊಡೆಯ ಸ್ನಾಯು ಸೊರಗುತ್ತದೆ, ಸೊರಗಿದ ಸ್ನಾಯು ಚೂರು ಕೆಲಸಕ್ಕೂ ಜಾಸ್ತಿ ಉಸಿರು ಕೇಳುತ್ತದೆ, ಏದುಸಿರು ಇನ್ನೂ ಬೇಗ ಬರುತ್ತದೆ, ಮನೆಯವರು ಇನ್ನೂ ಕೂರಿಸುತ್ತಾರೆ. ಶ್ವಾಸಕೋಶದಲ್ಲಿ ಆಗಿರುವ ಹಾನಿ ನಡಿಗೆಯಿಂದ ವಾಪಸ್ ಹೋಗುವುದಿಲ್ಲ. ಗಟ್ಟಿಯಾಗುವುದು ಕಾಲು, ಅದು ಗಟ್ಟಿಯಾದರೆ ಇರುವ ಶ್ವಾಸಕೋಶದಲ್ಲೇ ಜಾಸ್ತಿ ದೂರ ಹೋಗಬಹುದು.

ಶುರು ಮಾಡುವ ಮುಂಚೆ 6 ನಿಮಿಷದ ನಡಿಗೆ ಪರೀಕ್ಷೆ ಮಾಡಿಸಿ. ರಕ್ತದ ಆಮ್ಲಜನಕ ಅಳೆಯುವ ಕ್ಲಿಪ್ ಬೆರಳಿಗೆ ಹಾಕಿ ನಡೆಸುತ್ತಾರೆ. ಅದು ಶೇ. 88ಕ್ಕಿಂತ ಕೆಳಗಿಳಿದರೆ ಮುಂದೇನು ಅಂತ ಡಾಕ್ಟರೇ ಹೇಳಬೇಕು, ನೀವಾಗಿ ನಡೆಸಬೇಡಿ.

ಆಮೇಲೆ ಮನೆ ಮುಂದೆ ಸಮತಟ್ಟು ಜಾಗದಲ್ಲಿ 2 ನಿಮಿಷ ನಡಿಗೆ, ದಣಿವಾರಿಸಿಕೊಂಡು ಮತ್ತೆ 2 ನಿಮಿಷ. ಹೀಗೆ ವಾರ ವಾರ ಸ್ವಲ್ಪ ಸ್ವಲ್ಪ ಏರಿಸುತ್ತಾ ಒಟ್ಟು 20–30 ನಿಮಿಷ ಮುಟ್ಟಿದರೆ ಸಾಕು. ಏದುಸಿರು ಸ್ವಲ್ಪ ಬರಲೇಬೇಕು, ಬರದಿದ್ದರೆ ಅದು ವ್ಯಾಯಾಮವೇ ಅಲ್ಲ! ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು. ಜೊತೆಗೆ ಕುರ್ಚಿಯಿಂದ ಎದ್ದು ಕೂರುವುದನ್ನು 5 ಸಲ, ಆಮೇಲೆ 10 ಸಲ ಮಾಡಿಸಿ, ತೊಡೆಗೆ ಇದಕ್ಕಿಂತ ಸುಲಭದ್ದು ಇಲ್ಲ.

ಉಸಿರು ಬಿಡುವುದನ್ನು ಅಮ್ಮನಿಗೆ ಬೇಗ ಕಲಿಸಬಹುದು. ಮೂಗಿನಿಂದ ಎಳೆದು, ಊದುಗೊಳವೆ ಹಿಡಿದಾಗಿನ ಹಾಗೆ ತುಟಿ ಕಿರಿದು ಮಾಡಿ, ಆದರೆ ಜೋರಾಗಿ ಊದದೆ ನಿಧಾನವಾಗಿ ಬಿಡಬೇಕು. ಈ ಕಾಯಿಲೆಯಲ್ಲಿ ಗಾಳಿ ಒಳಗೇ ಸಿಕ್ಕಿಕೊಳ್ಳುತ್ತದೆ, ಹೀಗೆ ಬಿಟ್ಟರೆ ಉಸಿರಿನ ಕೊಳವೆಗಳು ಮುಚ್ಚಿಕೊಳ್ಳದೆ ಅದು ಹೊರಗೆ ಬರುತ್ತದೆ. ತೀರಾ ಸುಸ್ತಾದರೆ ಜಗಲಿ ಕಟ್ಟೆಗೆ ಕೈ ಊರಿ ಮುಂದಕ್ಕೆ ಬಾಗಿ ನಿಲ್ಲಲಿ.

ಅಂದ ಹಾಗೆ, ಅಡುಗೆಗೆ ಗ್ಯಾಸ್ ಬಂದ ಮನೆಯಲ್ಲೂ ಸ್ನಾನದ ಹಂಡೆಗೆ ಸೌದೆ ಉರಿಯುತ್ತಿರುತ್ತದೆ, ಅಲ್ವಾ? ಆ ಕೆಲಸ ಅಮ್ಮನಿಗೆ ಬೇಡ. ಬಟ್ಟೆ ಮಡಿಸುವುದು, ಹೂ ಬಿಡಿಸುವುದನ್ನು ಮಾತ್ರ ಕಿತ್ತುಕೊಳ್ಳಬೇಡಿ.

ಎದೆ ನೋವು, ತಲೆ ಸುತ್ತು, ತುಟಿ ನೀಲಿಯಾಗುವುದು ಕಂಡರೆ ಅಲ್ಲೇ ನಿಲ್ಲಿಸಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಕಫದ ಬಣ್ಣ ಬದಲಾದರೆ ಅಥವಾ ಜ್ವರ ಬಂದರೆ ನಡಿಗೆಗೆ ರಜೆ ಕೊಟ್ಟು ಮೊದಲು ಡಾಕ್ಟರಿಗೆ ತೋರಿಸಿ.